ಕಾರಿಗೆ ಬಿಟ್ಟ ಜಾಗ, ನೀರಿಗೆ ಬಿಡದ ಜಾಗ

ರಾಜಾಜಿನಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಊರಿನಲ್ಲಿ ಎಲ್ಲಿ ಏನು, ಎಷ್ಟು ಕಟ್ಟಬಹುದು ಎನ್ನುವ ವಲಯ ನಿಯಮ ಸಡಿಲ ಮಾಡಿದರೆ ಬಡವರಿಗೂ ಮನೆ ಸಿಗುತ್ತದೆ, ಪರಿಸರಕ್ಕೂ ಒಳ್ಳೆಯದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಾಗೇ ಮಾಡಿದ್ದಾರೆಂದು ಅಲ್ಲಿರುವ ನನ್ನ ಮಗನೂ ಹೇಳುತ್ತಾನೆ. ಆದರೆ ನಮ್ಮ ರಸ್ತೆ ನೋಡಿ. ತರ್ಟಿ ಫಾರ್ಟಿ ಸೈಟುಗಳಲ್ಲಿ ನಾಲ್ಕೈದು ಅಂತಸ್ತು ಎದ್ದಿವೆ. ನೀರಿಲ್ಲ, ಗಾಳಿ ಬೆಳಕಿಲ್ಲ, ಮಳೆ ಬಂದರೆ ಮೋರಿ ಉಕ್ಕುತ್ತದೆ. ಇನ್ನೂ ಸಡಿಲ ಮಾಡಿದರೆ ಬಿಲ್ಡರ್‌ಗಳಿಗೆ ಹಬ್ಬ, ಅಲ್ವಾ? ಎದುರು ಸೈಟಿನವರು ಈಗ ನಾಲ್ಕನೇ ಮಹಡಿಗೆ ಕಂಬಿ ಕಟ್ಟಿಸುತ್ತಿದ್ದಾರೆ. ದೂರು ಕೊಡಲೋ ಬೇಡವೋ ಹೇಳಿ.”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಅದಕ್ಕೇ ನಿಮ್ಮ ರಸ್ತೆಯ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ತರ್ಟಿ ಫಾರ್ಟಿ ಅಂದರೆ 1,200 ಚದರ ಅಡಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2007ರಲ್ಲಿ ಜಾರಿಗೆ ತಂದ ಮಾಸ್ಟರ್ ಪ್ಲ್ಯಾನ್ ಪ್ರಕಾರ ಇಂಥ ಸೈಟಿಗೆ ಎಫ್‌ಎಆರ್, ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ, 1.75. ಅಂದರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ ಕಟ್ಟಬಹುದು, ಸೈಟಿನ ಕಾಲು ಭಾಗ ಖಾಲಿ ಬಿಡಬೇಕು. ನೀವು ಹೇಳುವ ಕಟ್ಟಡಗಳು ಅಂಚಿನಿಂದ ಅಂಚಿಗೆ ಎದ್ದಿವೆ. ಐದು ಅಂತಸ್ತಾದರೆ ಐದು ಸಾವಿರ ಚದರ ಅಡಿ ದಾಟುತ್ತದೆ. ನಿಯಮ ಹೇಳುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಅಂದರೆ ನಿಮ್ಮ ರಸ್ತೆಯನ್ನು ಈ ಸ್ಥಿತಿಗೆ ತಂದದ್ದು ಸಡಿಲವಾದ ನಿಯಮ ಅಲ್ಲ. ಬಿಗಿ ನಿಯಮ ಪುಸ್ತಕದಲ್ಲಿತ್ತು, ಪುಸ್ತಕದಲ್ಲೇ ಉಳಿಯಿತು.

ಆ ಪುಸ್ತಕದ ಹೆಸರಲ್ಲೇ 2015 ಎಂಬ ಇಸವಿ ಇದೆ. ಅಲ್ಲಿಯವರೆಗೆ ಅಂತ ಮಾಡಿದ್ದು. ಮುಂದಿನದು, 2031ರವರೆಗಿನ ಕರಡು, 2017ರಲ್ಲಿ ಹೊರಬಂತು. 2020ರಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಆಮೇಲೆ ತಿದ್ದುಪಡಿ ಮೇಲೆ ತಿದ್ದುಪಡಿ ಹಾಕಿಕೊಂಡು ಹಳೆಯದರಲ್ಲೇ ಊರು ನಡೆಯುತ್ತಿದೆ. 2025ರಲ್ಲಿ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆಗಳಾದವು. ಜನರ ಸಂಖ್ಯೆ, ಮಳೆಯ ರೀತಿ, ಮೆಟ್ರೋ ಎಲ್ಲ ಬದಲಾದ ಮೇಲೂ ನಿಯಮದ ಬುಡ ಬದಲಾಗಿಲ್ಲ.

ಪಾಲಿಸಲಾಗದ ನಿಯಮದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ನೋಡಿ. ದುಡ್ಡಿದ್ದವರು ಕೈ ಬಿಸಿ ಮಾಡಿ ಮಹಡಿ ಏರಿಸುತ್ತಾರೆ. ಆ ಖರ್ಚು ಬಾಡಿಗೆಗೆ ಸೇರುತ್ತದೆ. ನಿಯಮ ನೋಡಿ ಕಟ್ಟಲು ಹೋದವರಿಗೆ ಎರಡು ಮನೆ ಮಾಡುವುದೂ ಕಷ್ಟ. ಬಡವರಿಗೆ ಉಳಿಯುವುದು ಊರ ಹೊರಗೆ ಕೃಷಿ ಜಮೀನನ್ನು ಮಂಜೂರಾತಿ ಇಲ್ಲದೆ ತುಂಡು ಮಾಡಿದ ರೆವಿನ್ಯೂ ಸೈಟು, ಪೂರ್ತಿ ಸಕ್ರಮವಲ್ಲದ ಬಿ ಖಾತಾ. ಕೊನೆಗೆ ‘ಅಕ್ರಮ ಸಕ್ರಮ’ ಎಂದು ಎಲ್ಲವನ್ನೂ ದಂಡ ಹಾಕಿ ಮನ್ನಿಸುವ ಯೋಜನೆ ಬಂತು. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಈಗ ನನ್ನ ಮಾತಿಗೆ ಬರುತ್ತೇನೆ. ವಲಯ ನಿಯಮವನ್ನು ಒಟ್ಟಾರೆ ಸಡಿಲ ಮಾಡಿ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ಎರಡು ತರಹದ ನಿಯಮಗಳಿವೆ. ಕಾರನ್ನು ಕಾಯುವವು ಕೆಲವು, ನೀರನ್ನು ಕಾಯುವವು ಕೆಲವು. ಮೊದಲನೆಯದನ್ನು ಬಿಡಬೇಕು. ಎರಡನೆಯದನ್ನು ಈಗಿನದಕ್ಕಿಂತ ಬಿಗಿ ಹಿಡಿಯಬೇಕು. ನಮ್ಮಲ್ಲಿ ನಡೆಯುತ್ತಿರುವುದು ಸರಿಯಾಗಿ ಉಲ್ಟಾ.

ಯಾವುದಾದರೂ ಹೊಸ ತರ್ಟಿ ಫಾರ್ಟಿ ಕಟ್ಟಡದ ಕೆಳಗೆ ಒಮ್ಮೆ ನಿಂತು ನೋಡಿ. ನಾಲ್ಕು ಕಂಬ, ಒಂದು ಮೂಲೆಯಲ್ಲಿ ಮೆಟ್ಟಿಲು, ಗೋಡೆಗೆ ಕರೆಂಟ್ ಮೀಟರುಗಳ ಸಾಲು, ನೆಲದಲ್ಲಿ ಸಂಪಿನ ಮುಚ್ಚಳ. ಉಳಿದ ಜಾಗವೆಲ್ಲ ಕಾರಿಗೆ. ಒಂದು ಕಾರು ನಿಲ್ಲಲು, ತಿರುಗಲು ಸುಮಾರು 250 ಚದರ ಅಡಿ ಬೇಕು. ಹಳೇ ವಠಾರದಲ್ಲಿ ಅಷ್ಟರಲ್ಲಿ ಒಂದು ಸಂಸಾರ ಇರುತ್ತಿತ್ತು: ಒಂದು ರೂಮು, ಅಡುಗೆಮನೆ, ಹಿಂದೆ ಬಚ್ಚಲು. ಈಗಿನ ನಿಯಮದಲ್ಲಿ ಕಾರು ನಿಲ್ಲುವ ಜಾಗ ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಅದೇ ಜಾಗದಲ್ಲಿ ಒಂದು ಸಣ್ಣ ಮನೆ ಮಾಡಿ ಬಾಡಿಗೆಗೆ ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ. ಕಾರಿಗೆ ರಿಯಾಯಿತಿ, ಮನುಷ್ಯರಿಗೆ ಮಿತಿ. ಕಾರೇ ಇಲ್ಲದ ಗಾರ್ಮೆಂಟ್ಸ್ ಹೆಣ್ಣುಮಗಳು ಕೂಡ ಬಾಡಿಗೆಯಲ್ಲಿ ಆ ಪಾರ್ಕಿಂಗಿಗೆ ದುಡ್ಡು ಕೊಡುತ್ತಾಳೆ. ನನಗೆ ಇದು ಸಹಿಸಲಾಗದ ಅನ್ಯಾಯ.

ನಿಮ್ಮ ಏರಿಯಾವನ್ನೇ ತಗೊಳ್ಳಿ. ರಾಜಾಜಿನಗರದಿಂದ ಪೀಣ್ಯಕ್ಕೆ 2014ರಿಂದ ಮೆಟ್ರೋ ಇದೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವರು ರಾಜಾಜಿನಗರದ ಸ್ಟೇಷನ್ನಿನ ಸುತ್ತ ಸಣ್ಣ ಮನೆ ಹಿಡಿಯುವ ಹಾಗಿದ್ದರೆ ದಿನಾ ಹತ್ತು ನಿಮಿಷ ನಡೆದು ರೈಲು ಹತ್ತುತ್ತಿದ್ದರು. ಅಂಥ ಮನೆ ಅಲ್ಲಿಲ್ಲ. ಇದ್ದರೂ ಅಡ್ವಾನ್ಸ್ ಕೇಳಿಯೇ ಹಿಂದೆ ಹೋಗುತ್ತಾರೆ. ನೆಲಮಂಗಲದ ಕಡೆ ಮನೆ ಹಿಡಿದು ಬೈಕಿನಲ್ಲಿ ಬರುತ್ತಾರೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಜಾಸ್ತಿ ಪಾಲು ದ್ವಿಚಕ್ರದ್ದು. ಊರು ಅಗಲಕ್ಕೆ ಹರಡಿದಷ್ಟೂ ಹೊಗೆ ಜಾಸ್ತಿ. ಹವಾಮಾನಕ್ಕೂ ಬಾಡಿಗೆಗೂ ಸಂಬಂಧ ಇರುವುದು ಇಲ್ಲೇ.

ನಿಮ್ಮ ಮಗ ಹೇಳಿದ್ದು ನಿಜ. ಆದರೆ ಪೂರ್ತಿ ಕಥೆ ಇನ್ನೂ ಕುತೂಹಲದ್ದು. ಮಿನಿಯಾಪೊಲಿಸ್‌ನಲ್ಲಿ ವಸತಿ ಜಾಗದ ಬಹುಪಾಲು ‘ಒಂದು ಸೈಟಿಗೆ ಒಂದೇ ಮನೆ’ ಎಂದಿತ್ತು. 2018ರ ಡಿಸೆಂಬರ್‌ನಲ್ಲಿ ಒಪ್ಪಿದ ಯೋಜನೆಯಿಂದ, 2020ರ ಹೊತ್ತಿಗೆ ಅಂಥ ಸೈಟಿನಲ್ಲಿ ಮೂರು ಮನೆ ಕಟ್ಟಲು ಅವಕಾಶ ಸಿಕ್ಕಿತು. ಸುದ್ದಿಯಾದದ್ದು ಅದೇ. ಆದರೆ ಹಾಗೆ ಕಟ್ಟಿದವರು ತೀರಾ ಕಡಿಮೆ. ಹೆಚ್ಚಿನ ಮನೆಗಳು ಬಂದದ್ದು ಬಸ್ಸು, ರೈಲು ಓಡುವ ದೊಡ್ಡ ರಸ್ತೆಗಳ ಬದಿಯ ಅಪಾರ್ಟ್‌ಮೆಂಟುಗಳಲ್ಲಿ. ಅದಕ್ಕೆ ದೊಡ್ಡ ಕಾರಣ, ಇಷ್ಟು ಮನೆಗೆ ಇಷ್ಟು ಪಾರ್ಕಿಂಗ್ ಇರಲೇಬೇಕು ಎಂಬ ನಿಯಮವನ್ನು ಮೊದಲು ಇಳಿಸಿ, 2021ರಲ್ಲಿ ಊರಿಗೆಲ್ಲ ತೆಗೆದುಹಾಕಿದ್ದು. 2017ರಿಂದ 2022ರವರೆಗೆ ಅಲ್ಲಿ ಮನೆಗಳ ಸಂಖ್ಯೆ ಶೇ. 12 ಏರಿತು, ಬಾಡಿಗೆ ಬರೀ ಶೇ. 1. ಅದೇ ರಾಜ್ಯದ ಉಳಿದ ಕಡೆ ಬಾಡಿಗೆ ಶೇ. 14 ಏರಿತು. ಪರಿಸರದ ಹೆಸರಿನಲ್ಲೇ ಕೆಲವರು ಈ ಯೋಜನೆಯ ಮೇಲೆ ಕೇಸು ಹಾಕಿದರು, ಕೋರ್ಟ್ ತಡೆದೂ ಇತ್ತು. 2024ರಲ್ಲಿ ರಾಜ್ಯ ಕಾನೂನು ತಿದ್ದಿದ ಮೇಲೆ ದಾರಿ ತೆರೆಯಿತು.

ಅದನ್ನು ಹಾಗೇ ತಂದು ಇಲ್ಲಿ ಹಾಕುವುದು ಆಗದ ಮಾತು. ಅವರ ರಸ್ತೆ ಅಗಲ, ಚರಂಡಿ ಗಟ್ಟಿ, ಪ್ಲ್ಯಾನ್ ಬಿಟ್ಟು ಕಟ್ಟಿದರೆ ಕೆಲಸ ನಿಲ್ಲಿಸುತ್ತಾರೆ. ಪಾರ್ಕಿಂಗ್ ಪಾಠವೊಂದನ್ನು ಕಲಿತರೆ ಸಾಕು.

ಇನ್ನು ನೀರು. ನಮ್ಮೂರು ದಿಣ್ಣೆಯ ಮೇಲಿದೆ. ಮಳೆ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆಗೆ ಇಳಿಯುತ್ತದೆ. ನಿಮ್ಮ ಮೋರಿಯದ್ದು ವೃಷಭಾವತಿಗೆ. ದಾರಿ ಮುಚ್ಚಿದರೆ ಅದು ಮನೆಯೊಳಗೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನು ಎಲ್ಲರೂ ನೋಡಿದೆವು. ಕೋಟಿ ಕೋಟಿ ಬೆಲೆಯ ವಿಲ್ಲಾಗಳೂ ಮುಳುಗಿದವು. ಕೆರೆ ಸುತ್ತ, ರಾಜಕಾಲುವೆ ಪಕ್ಕ ಎಷ್ಟು ಜಾಗ ಬಿಡಬೇಕು ಎಂಬ ಜಗಳ ಎಷ್ಟು ವರ್ಷದಿಂದ ನಡೆಯುತ್ತಿದೆ! ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತು. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ರದ್ದು ಮಾಡಿ ಮಾಸ್ಟರ್ ಪ್ಲ್ಯಾನಿನ 30 ಮೀಟರಿಗೇ ತಂದಿತು. 2025ರಲ್ಲಿ ಕೆರೆಯ ಅಳತೆ ನೋಡಿ ಅದನ್ನೂ ಇಳಿಸುವ ಮಸೂದೆ ವಿಧಾನಸಭೆಗೆ ಬಂತು. ಸಣ್ಣ ಕೆರೆ ಅಂದರೆ ಕಡಿಮೆ ಜಾಗ ಸಾಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ದೊಡ್ಡ ಕೆರೆಗೆ ನೀರು ಬರುವುದೇ ಸಣ್ಣ ಕೆರೆ ತುಂಬಿ ಹರಿದಾಗ.

ಬಿಲ್ಡರ್‌ಗಳ ಹಬ್ಬದ ಬಗ್ಗೆ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಮೆಟ್ರೋ ಪಕ್ಕ ದಟ್ಟವಾಗಿ ಕಟ್ಟುವ ನೀತಿಗೆ 2022ರಲ್ಲೇ ಒಪ್ಪಿಗೆ ಸಿಕ್ಕಿದೆ. ದುಡ್ಡು ಕಟ್ಟಿಸಿಕೊಂಡು ಹೆಚ್ಚುವರಿ ಎಫ್‌ಎಆರ್ ಮಾರಿದರೆ ಅಲ್ಲಿ ಏಳುವುದು ಎರಡು ಕೋಟಿಯ ಫ್ಲ್ಯಾಟು, ಅದರ ಜೊತೆ ಎರಡು ಕಾರು. ಹೆಚ್ಚುವರಿ ಮಹಡಿ ಕೊಡುವುದಾದರೆ ಬದಲಿಗೆ ಸಣ್ಣ ಮನೆಗಳನ್ನೇ ಕೇಳಬೇಕು, ಐನೂರು ಚದರ ಅಡಿಯ ಒಳಗಿನವು. ಆ ರಸ್ತೆಯ ಕಾವೇರಿ ಪೈಪು, ಒಳಚರಂಡಿ ತಡೆಯುತ್ತದೆಯೇ ಎಂದು ನೋಡಿದ ಮೇಲೆಯೇ ಕೊಡಬೇಕು. ಮಳೆನೀರು ಇಂಗಿಸದ ಕಟ್ಟಡಕ್ಕೆ ಕೊಡಲೇಬಾರದು. ಮಳೆನೀರು ಕೊಯ್ಲು 2009ರಿಂದ ಕಡ್ಡಾಯ. ಎಷ್ಟೋ ಜನ ನೀರಿನ ಬಿಲ್ಲಿನ ಜೊತೆ ದಂಡ ಕಟ್ಟಿಕೊಂಡು ಹಾಗೇ ಇದ್ದಾರೆ.

ದೂರಿನ ವಿಚಾರ: ಕೊಡಿ, ಮೇಷ್ಟ್ರೇ. ಮೊದಲು ಆರ್‌ಟಿಐ ಹಾಕಿ ಮಂಜೂರಾದ ಪ್ಲ್ಯಾನಿನ ನಕಲು ತೆಗೆದುಕೊಳ್ಳಿ. ಅಕ್ಕಪಕ್ಕ ಎಷ್ಟು ಜಾಗ ಬಿಡಬೇಕಿತ್ತು, ಎಷ್ಟು ಬಿಟ್ಟಿದ್ದಾರೆ, ಎರಡು ಮಹಡಿಗೆ ಹಾಕಿದ ಪಾಯ ನಾಲ್ಕನ್ನು ಹೊರುತ್ತದೆಯೇ, ಚಾವಣಿಯ ನೀರು ಎಲ್ಲಿಗೆ ಬೀಳುತ್ತದೆ, ಮೋರಿಯ ಮೇಲೆ ಕಾಂಕ್ರೀಟ್ ಹಾಕಿದ್ದಾರಾ, ಇಷ್ಟನ್ನು ಫೋಟೊ ಸಮೇತ ಬರೆಯಿರಿ. ‘ಬಾಡಿಗೆಯವರು ಜಾಸ್ತಿಯಾದರು, ಅವರ ಬೈಕು ಜಾಸ್ತಿಯಾಯಿತು’ ಎಂಬ ಸಾಲು ಮಾತ್ರ ಸೇರಿಸಬೇಡಿ. ಅವರಿಗೂ ನಿಮ್ಮ ರಸ್ತೆಯಿಂದಲೇ ಮೆಟ್ರೋ ಹತ್ತಿರ.

— ಸಂಪಾದಕ