ಮನೆ ಮುಂದೆ ರಾತ್ರಿ ನಿಲ್ಲುವ ಲಾರಿ: ಗೋಣಿಕೊಪ್ಪದಿಂದ ಉತ್ತರ

ಕೊಡಗಿನ ನಮ್ಮ ಗೋಣಿಕೊಪ್ಪದಲ್ಲಿ ಮನೆ ಮಾಡಬೇಕೆಂದಿದ್ದೀರಿ, ಒಳ್ಳೆಯದು. ಇಷ್ಟು ಸಣ್ಣ ಊರಿನ ಮನೆಸಾಲಿನಲ್ಲಿ ಕೇರಳದ ಲಾರಿ, ಟೂರಿಸ್ಟ್ ಬಸ್ಸುಗಳು ರಾತ್ರಿಯಿಡೀ ಯಾಕೆ ನಿಲ್ಲುತ್ತವೆ, ಕೇಳುವವರಿಲ್ಲವೇ ಎಂದಿರಿ.

ಇದರ ಮೂಲ ಬಂಡೀಪುರದಲ್ಲಿದೆ. 2009ರಿಂದ ಅಲ್ಲಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸ್ ಬಿಟ್ಟರೆ ರಾತ್ರಿ ಮೈಸೂರಿನಿಂದ ವಯನಾಡಿಗೆ ಹೋಗುವವರೆಲ್ಲ ಹುಣಸೂರು, ಗೋಣಿಕೊಪ್ಪ, ಕುಟ್ಟ ದಾರಿ ಹಿಡಿಯಬೇಕು. ಕಣ್ಣೂರಿನವರು ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆ ದಾಟಿ ಇಲ್ಲಿಗೇ ಬಂದು ಸೇರುತ್ತಾರೆ. ಆನೆ, ಜಿಂಕೆಗಳ ಜೀವ ಉಳಿಸುವ ಆ ನಿಷೇಧ ಇರಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಘಾಟಿ ಹತ್ತಿ ಬಂದ ಡ್ರೈವರ್‌ಗೆ ನಿದ್ದೆಯೂ ಬೇಕಲ್ಲ? ಅವನಿಗೊಂದು ಜಾಗ ಮಾಡದೆ ಬರೀ ದಾರಿ ತಿರುಗಿಸಿದರೆ ಅವನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸುತ್ತಾನೆ.

ತೊಂದರೆ ಏನೆಂದು ಬೆಳಿಗ್ಗೆ ಬಂದು ನೋಡಿ. ಇಳಿಜಾರಿನಲ್ಲಿ ಟೈರಿಗೆ ಅಡ್ಡ ಇಟ್ಟ ಕಲ್ಲನ್ನು ಹಾಗೇ ಬಿಟ್ಟು ಹೋಗಿರುತ್ತಾರೆ. ಮಂಜು ಕವಿದ ಹೊತ್ತಿನಲ್ಲಿ ತೋಟದ ಕೆಲಸಕ್ಕೆ ಬೈಕಿನಲ್ಲಿ ಹೊರಟವನಿಗೆ ಅದು ಕಾಣುವುದಿಲ್ಲ. ಮೀನಿನ ಲಾರಿ ನಿಂತಲ್ಲಿ ಐಸ್ ನೀರು ಹರಿದು ಮಧ್ಯಾಹ್ನದವರೆಗೂ ನಾರುತ್ತದೆ. ಚರಂಡಿಯ ಅಂಚು ಚಕ್ರಕ್ಕೆ ಸಿಕ್ಕಿ ಒಡೆದಿದ್ದರೆ ಮಳೆಗಾಲದಲ್ಲಿ ನೀರು ರಸ್ತೆಗೆ ಬಂದು ಕೆಳಗಿನ ಮನೆಯ ಬರೆಗೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಗೆ, ಇಳಿಯುತ್ತದೆ. 2018, 2019ರ ಮಳೆ ಕಂಡ ನಮಗೆ ಬರೆ ಜರಿಯುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕಾನೂನು. 12,000 ಕೆ.ಜಿ.ಗಿಂತ ಹೆಚ್ಚು ಒಟ್ಟು ತೂಕದ ಸರಕು ಗಾಡಿ ಭಾರೀ ವಾಹನ. ಅಂಥದ್ದು ಜನವಸತಿಯಲ್ಲಿ ನಿಲ್ಲಲೇಬಾರದು ಎಂಬ ಒಂದೇ ಸಾಲಿನ ನಿಷೇಧ 1988ರ ಮೋಟಾರು ವಾಹನ ಕಾಯ್ದೆಯಲ್ಲಿಲ್ಲ. ಆದರೆ ತಿರುವಿನಲ್ಲಿ, ದಿಬ್ಬದ ತುದಿಯಲ್ಲಿ, ಫುಟ್‌ಪಾತ್ ಮೇಲೆ, ಮನೆಯ ಗೇಟಿಗೆ ಅಡ್ಡವಾಗಿ ನಿಲ್ಲಿಸುವುದು ತಪ್ಪು. ನಮ್ಮ ರಸ್ತೆಗಳಲ್ಲಿ ತಿರುವೂ ದಿಬ್ಬವೂ ಅಲ್ಲದ ಜಾಗವೇ ಕಡಿಮೆ! ಸಂಚಾರಕ್ಕೆ ಅಡ್ಡಿಯಾದರೆ ಸೆಕ್ಷನ್ 201ರಂತೆ 500 ರೂಪಾಯಿವರೆಗೆ ದಂಡ. ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನು, ನಿಷೇಧಿತ ಜಾಗದಲ್ಲಿ ನಿಂತದ್ದನ್ನು ಸೆಕ್ಷನ್ 127ರ ಪ್ರಕಾರ ಪೊಲೀಸರು ಎಳೆಸಬಹುದು. ನನ್ನ ಕೇಳಿದರೆ ಮುಖ್ಯವಾದದ್ದು ಸೆಕ್ಷನ್ 117. ಗಾಡಿ ಎಲ್ಲಿ ನಿಲ್ಲಬೇಕೆಂದು ಸ್ಥಳೀಯ ಸಂಸ್ಥೆಯನ್ನು ಕೇಳಿ ಜಾಗ ಗೊತ್ತುಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಅದರಲ್ಲಿದೆ. ದಂಡ ಹಾಕಿ ಓಡಿಸಿದ ಲಾರಿ ಪಕ್ಕದ ಬೀದಿಗೆ ಹೋಗುತ್ತದೆ, ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ದುಡುಕಬೇಡಿ. ಊರೊಳಗೆ ರಾತ್ರಿ ನಿಲ್ಲುವ ಹಾಲ್ಟಿಂಗ್ ಬಸ್ಸನ್ನು ಲಾರಿಯ ಜೊತೆ ಸೇರಿಸಿ ದೂರು ಕೊಡಬೇಡಿ. ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗಿ, ಬೆಳಕು ಹರಿಯುವ ಮೊದಲೇ ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರನ್ನು ಹತ್ತಿಸಿಕೊಂಡು ಹೊರಡುತ್ತಾರೆ. ಹೊಸಬರೊಬ್ಬರು ಇಂಜಿನ್ ಸದ್ದು ಜಾಸ್ತಿ ಎಂದು ಅರ್ಜಿ ಕೊಟ್ಟು ಆ ಬಸ್ಸು ನಿಂತುಹೋದರೆ, ಸ್ವಂತ ಗಾಡಿ ಇಲ್ಲದ ಲೈನ್‌ಮನೆಯವರು (ತೋಟದ ಸಾಲುಮನೆಗಳ ಕೂಲಿಕಾರರು) ಜೀಪಿಗೆ ದುಡ್ಡು ಸುರಿಯಬೇಕಾಗುತ್ತದೆ.

ಮೊದಲು ಡ್ರೈವರ್ ಹತ್ತಿರ ಮಾತಾಡಿ. 'ಚೇಟ್ಟಾ (ಮಲಯಾಳದಲ್ಲಿ ಅಣ್ಣಾ), ಸ್ವಲ್ಪ ಮುಂದೆ ಹಾಕಿ' ಅಂದರೆ ಹೆಚ್ಚಿನವರು ಹಾಕುತ್ತಾರೆ. ಗೇಟು ತೆಗೆಯಲಾಗದಂತೆ ನಿಂತು ಆಸಾಮಿ ಪತ್ತೆಯಿಲ್ಲದಿದ್ದರೆ 112ಕ್ಕೆ ಫೋನ್ ಮಾಡಿ. ದಿನವೂ ಇದೇ ಪಾಡಾದರೆ ಗಾಡಿ ನಂಬರ್, ನಿಂತ ಹೊತ್ತು, ಫೋಟೋ ಸೇರಿಸಿ ಪಂಚಾಯಿತಿಗೂ ಠಾಣೆಗೂ ಅರ್ಜಿ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಕಳಿಸಿ. 'ಲಾರಿ ಓಡಿಸಿ' ಎಂದಷ್ಟೇ ಬರೆಯಬೇಡಿ. ಹುಣಸೂರು ರಸ್ತೆಯಲ್ಲಿ ಮನೆಗಳಿಂದ ದೂರ, ಕಕ್ಕಸು, ನೀರು, ದೀಪ ಇರುವ ಲಾರಿ ನಿಲ್ದಾಣ ಬೇಕು ಎಂದು ಬರೆಯಿರಿ. ಬೀದಿಯವರ ಸಹಿಯೂ ಇರಲಿ, ಮೊದಲ ಸಹಿ ನಾನೇ ಹಾಕುತ್ತೇನೆ.