ಓದುಗರ ಪ್ರಶ್ನೆ: ಸಿಕಲ್ ಸೆಲ್ ಮಗುವಿಗೆ ಜ್ವರ ಬಂದರೆ

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ರಿಪೋರ್ಟಿನಲ್ಲಿ ಸಿಕಲ್ ಸೆಲ್ ‘ಎಸ್‌ಎಸ್’ ಅಂತ ಬಂದಿದೆ. ಆಗಾಗ ಜ್ವರ ಬರುತ್ತೆ, ಪ್ಯಾರಾಸಿಟಮಾಲ್ ಕೊಟ್ಟರೆ ಇಳಿಯುತ್ತೆ. ನಮ್ಮ ಹಾಡಿಗೆ ಆಸ್ಪತ್ರೆ ದೂರ. ಎಷ್ಟು ದಿನ ಕಾದು ನೋಡಬಹುದು? ರಕ್ತ ಕಮ್ಮಿ ಅಂತ ಐರನ್ ಟಾನಿಕ್ ಕೂಡ ಕೊಡ್ತಿದ್ದೀವಿ.
– ಒಬ್ಬ ತಾಯಿ, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಒಂದು ರಾತ್ರಿಯೂ ಕಾಯಬಾರದಮ್ಮ. ‘ಎಸ್‌ಎಸ್’ ಎಂದರೆ ತಂದೆ, ತಾಯಿ ಇಬ್ಬರಿಂದಲೂ ಬಂದ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ಥರ್ಮಾಮೀಟರ್ 101 ಡಿಗ್ರಿ ತೋರಿಸಿದರೆ ಹೊರಟುಬಿಡಿ. ಸಿರಪ್‌ನಿಂದ ದಾರಿಯಲ್ಲೇ ಜ್ವರ ಇಳಿದರೂ ವಾಪಸಾಗಬೇಡಿ. ರಕ್ತಕ್ಕೆ ನುಗ್ಗಿದ ರೋಗಾಣುಗಳನ್ನು ಸೋಸುವ ಜರಡಿ ಗುಲ್ಮ. ಕುಡುಗೋಲಿನಂತೆ ಬಾಗಿ ಗಡುಸಾದ ಕೆಂಪು ರಕ್ತಕಣಗಳು ಅದರ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೊದಲ ಕೆಲವು ವರ್ಷಗಳಲ್ಲೇ ಅದನ್ನು ಕೆಡಿಸಿಬಿಡುತ್ತವೆ. ಆಮೇಲೆ ಸಂಜೆ ಶುರುವಾದ ಜ್ವರ ಬೆಳಗಾಗುವುದರೊಳಗೆ ಜೀವಕ್ಕೇ ಎರವಾಗಬಹುದು. 108ಕ್ಕೆ ಫೋನ್ ಮಾಡಿದಾಗ ‘ಸಿಕಲ್ ಸೆಲ್ ಮಗು, ಜ್ವರ’ ಎಂದು ಮೊದಲ ಮಾತಿಗೇ ಹೇಳಿ. ಕಲ್ಚರ್‌ಗೆ (ರೋಗಾಣು ಪತ್ತೆಯ ಪರೀಕ್ಷೆಗೆ) ರಕ್ತ ತೆಗೆದ ಕೂಡಲೇ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು; ವರದಿ ಬರಲಿ ಅಂತ ಕೂರುವಂತಿಲ್ಲ.

ಜ್ವರವಿಲ್ಲದ ದಿನವೂ ಪೆನಿಸಿಲಿನ್ ಮಾತ್ರೆ ತಪ್ಪಬಾರದು: ಮೂರು ವರ್ಷದವರೆಗೆ 125 ಮಿ.ಗ್ರಾಂ., ಆಮೇಲೆ ಐದು ತುಂಬುವವರೆಗಾದರೂ 250 ಮಿ.ಗ್ರಾಂ., ದಿನಕ್ಕೆರಡು ಸಲ. ಅಲರ್ಜಿ ಇದ್ದರೆ ಡಾಕ್ಟರು ಬೇರೆ ಔಷಧ ಬರೆಯುತ್ತಾರೆ. ನ್ಯುಮೊಕಾಕಲ್ ಲಸಿಕೆ ಆಗಿದೆಯೇ, ತಾಯಿ ಕಾರ್ಡು ನೋಡಿಕೊಳ್ಳಿ.

ಗುಲ್ಮ ಮುಟ್ಟಿ ನೋಡುವುದನ್ನು ನರ್ಸಮ್ಮನ ಹತ್ತಿರ ಒಮ್ಮೆ ಕೈಹಿಡಿಸಿ ಕಲಿಯಿರಿ. ಮಗುವನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸಿ. ಬೆರಳ ತುದಿಯನ್ನು ಹೊಕ್ಕುಳಿನ ಮಟ್ಟದಿಂದ ಎಡಪಕ್ಕೆಯ ಕಡೆಗೆ ಮೆಲ್ಲಗೆ ಸರಿಸುತ್ತಾ ಹೋಗಿ. ಉಸಿರೆಳೆದಾಗ ಗಟ್ಟಿ ಅಂಚೊಂದು ಬೆರಳಿಗೆ ತಾಕಿದರೆ ಅದೇ ಗುಲ್ಮ. ಒಂದು ಕಡ್ಡಿಯ ತುದಿಯನ್ನು ಎಡ ಮೊಲೆತೊಟ್ಟಿನ ಮೇಲಿಟ್ಟು, ಆ ಅಂಚು ಬರುವ ಕಡೆ ಕಡ್ಡಿಯ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಮಗು ಬಿಳಿಚಿಕೊಂಡು ಮಂಕಾದ ದಿನ ಅದೇ ಕಡ್ಡಿ ಇಟ್ಟು ನೋಡಿ. ಅಂಚು ಗೆರೆ ದಾಟಿ ಕೆಳಗಿಳಿದಿದ್ದರೆ ಮೈಯ ರಕ್ತ ಗುಲ್ಮದಲ್ಲಿ ಕಟ್ಟಿಕೊಂಡಿದೆ ಎಂದೇ ಲೆಕ್ಕ. ಗಂಟೆಗಳೊಳಗೆ ರಕ್ತ ಕೊಡಿಸಬೇಕಾಗಬಹುದು.

ಟಾನಿಕ್ ನಿಲ್ಲಿಸಿ. ಇಲ್ಲಿ ರಕ್ತ ಕಮ್ಮಿಯಾಗುವುದು ಕಬ್ಬಿಣದ ಕೊರತೆಯಿಂದಲ್ಲ. 120 ದಿನ ಬದುಕಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ, ಅದರ ಕಬ್ಬಿಣ ಮೈಯಲ್ಲೇ ಉಳಿಯುತ್ತದೆ. ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ತೋರಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಕೊರತೆ ಕಂಡರಷ್ಟೇ ಐರನ್. ಬೇಕಾದದ್ದು ಫೋಲಿಕ್ ಆ್ಯಸಿಡ್.

ಪ್ರಶ್ನೆ: ಸಿಕಲ್ ಸೆಲ್ ಇರುವ ಮಗನಿಗೆ 17. ಕೊಡಗಿನಲ್ಲಿ ಕಾಫಿ ಕೊಯ್ಲಿಗೆ ಹೋದಾಗಲೆಲ್ಲ ಕೈಕಾಲು ನೋವು ಕಾಣಿಸುತ್ತೆ. ಹೈಡ್ರಾಕ್ಸಿಯೂರಿಯಾ ಒಂದು ತಿಂಗಳು ನುಂಗಿ, ಗುಣ ಕಾಣಲಿಲ್ಲ ಅಂತ ಬಿಟ್ಟ.

ಉತ್ತರ: ತಿಂಗಳಿಗೆ ಗುಣ ಕಾಣುವ ಮಾತ್ರೆಯಲ್ಲ ಅದು. ಎಳೆಗೂಸಿನ ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸಿ ಕಣ ಬಾಗದಂತೆ ತಡೆಯುವ ಔಷಧ; ಮೂರರಿಂದ ಆರು ತಿಂಗಳು ಬೇಕು. ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲಿ ‘ಎಂಸಿವಿ’ (ಕೆಂಪುಕಣದ ಸರಾಸರಿ ಗಾತ್ರ) ಏರುತ್ತಿದ್ದರೆ ಮಾತ್ರೆ ಹಿಡಿಯುತ್ತಿದೆ ಎಂದರ್ಥ. ಶುರುವಿನಲ್ಲಿ ತಿಂಗಳಿಗೊಮ್ಮೆ ಸಿಬಿಸಿ ಮಾಡಿಸದೆ ನುಂಗುವುದು ಅಪಾಯ: ಬಿಳಿಕಣ, ಪ್ಲೇಟ್‌ಲೆಟ್ ಇಳಿದರೆ ಕೆಲ ದಿನ ನಿಲ್ಲಿಸಿ ಡೋಸ್ ತಗ್ಗಿಸುತ್ತಾರೆ.

ತೋಟದಲ್ಲಿ ಚಳಿ, ಇಬ್ಬನಿಗೆ ನೆನೆದ ಅಂಗಿ, ನೀರಡಿಕೆ ಮೂರೂ ಕೂಡುತ್ತವೆ. ಒಣ ಅಂಗಿಯೊಂದು ಚೀಲದಲ್ಲಿರಲಿ. ಮೂತ್ರ ತಿಳಿಯಾಗಿದೆ, ನೀರು ಸಾಕು ಅಂದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಕಿಡ್ನಿಗೆ ನೀರು ಹಿಡಿದಿಡಲು ಬಾರದು, ಬಾಯಾರಿ ಒಣಗಿದ್ದರೂ ಮೂತ್ರ ತಿಳಿಯಾಗೇ ಇರುತ್ತದೆ. ಗಡಿಯಾರ ನೋಡಿ ಕುಡಿಯಬೇಕು, ದಿನಕ್ಕೆ ಸುಮಾರು ಮೂರು ಲೀಟರ್. ನೋವಿಗೆ ಬಿಸಿ ಕಾವು. ಐಸ್ ಬೇಡವೇ ಬೇಡ. ಎದೆನೋವಿನ ಜೊತೆ ಉಸಿರು ಕಟ್ಟಿದರೆ, ಮಾತು ತೊದಲಿದರೆ ಆಸ್ಪತ್ರೆಗೆ. ಲಿಂಗ ನಿಗುರಿ ಎರಡು ಗಂಟೆಯಾದರೂ ಇಳಿಯದಿದ್ದರೂ ಅಷ್ಟೇ. ಹುಡುಗರು ನಾಚಿಕೊಂಡು ಇದನ್ನು ಮುಚ್ಚಿಡುತ್ತಾರೆ, ಮೊದಲೇ ಹೇಳಿಡಿ.

ಪ್ರಶ್ನೆ: ಹುಡುಗಿಗೆ ಸಿಕಲ್ ಸೆಲ್ ‘ಎಎಸ್’ (ಕಾಯಿಲೆಯಿಲ್ಲದ ವಾಹಕಿ) ಅಂತ ಬಂದಿದೆ. ನನ್ನ ಸಾಲ್ಯುಬಿಲಿಟಿ ಪರೀಕ್ಷೆ ನೆಗೆಟಿವ್. ಮದುವೆಯಾಗಬಹುದಲ್ಲವೇ?

ಉತ್ತರ: ಮದುವೆಗೆ ಅಡ್ಡಿಯಿಲ್ಲ. ಆದರೆ ನೀವು ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ರಕ್ತಪರೀಕ್ಷೆ) ಮಾಡಿಸಿಕೊಳ್ಳಿ. ಸಾಲ್ಯುಬಿಲಿಟಿ ಪರೀಕ್ಷೆಗೆ ಸಿಕಲ್ ಬಿಟ್ಟು ಬೇರೇನೂ ಕಾಣದು. ನೀವು ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಕಮ್ಮಿ ತಯಾರಾಗುವ ಇನ್ನೊಂದು ಆನುವಂಶಿಕ ದೋಷ) ವಾಹಕರಾಗಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ, ಮಗುವಿಗೆ ಮಾತ್ರ ಸಿಕಲ್ ಕಾಯಿಲೆ ಬರಬಹುದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿಗೆ ಬಂತು, ಇನ್ನು ಮೂವರು ಪಾರು ಅನ್ನುವ ಲೆಕ್ಕವಲ್ಲ. ಬಸಿರು ನಿಂತ ತಕ್ಷಣ ಹೇಳಿದರೆ 11–12ನೇ ವಾರದಲ್ಲೇ ಭ್ರೂಣದ ಪರೀಕ್ಷೆ ಸಾಧ್ಯ.