ಓದುಗರ ಪ್ರಶ್ನೆ: ಮೊದಲು ಹೆಸರು, ಆಮೇಲೆ ಟಿಕೆಟ್

ಪ್ರಶ್ನೆ: ಮಗಳು ಜರ್ಮನಿಯಲ್ಲಿ ಎಂ.ಎಸ್. ಓದಲು ಅರ್ಜಿ ಹಾಕುವವಳಿದ್ದಾಳೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ನಂತರ ಅವಳ ಹೆಸರು, ಕೊನೆಗೆ ನನ್ನ ಹೆಸರು ಇದೆ. ಬಿ.ಇ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು ‘ಗಿವನ್ ನೇಮ್’ ಸಾಲಿನಲ್ಲೇ ಇದ್ದು ‘ಸರ್‌ನೇಮ್’ ಖಾಲಿ ಇದೆ. ತೊಂದರೆ ಆದೀತೆ?
– ಓದುಗರೊಬ್ಬರು, ಸಿಂದಗಿ

ಉತ್ತರ: ಆಗುತ್ತದೆ. ಆದರೆ ಅರ್ಜಿ ಹಾಕುವ ಮೊದಲೇ ಕೇಳಿದ್ದೀರಿ, ಅದು ಬಹಳ ಒಳ್ಳೆಯದಾಯಿತು. ನಮ್ಮ ಕಡೆ ಶಾಲೆಯಲ್ಲಿ ಹೆಸರು ಬರೆಸುವ ರೂಢಿಯೇ ಹೀಗಿದೆ, ತಪ್ಪು ನಿಮ್ಮದಲ್ಲ.

ಹೊರದೇಶದಲ್ಲಿ ನಡೆಯುವುದು ಪಾಸ್‌ಪೋರ್ಟಿನ ಹೆಸರು ಮಾತ್ರ. ಸರ್‌ನೇಮ್ ಖಾಲಿ ಇದ್ದರೆ ಎಷ್ಟೋ ಆನ್‌ಲೈನ್ ಅರ್ಜಿಗಳು ಮುಂದಕ್ಕೆ ಹೋಗುವುದಿಲ್ಲ. ಆಗ ಒಂದು ಕಡೆ ಚುಕ್ಕೆ ಇಡುತ್ತಾರೆ, ಇನ್ನೊಂದು ಕಡೆ ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ, ಟಿಕೆಟ್ ಏಜೆಂಟರು ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ತುಂಬುತ್ತಾರೆ. ಕೊನೆಗೆ ನಾಲ್ಕು ಕಾಗದದಲ್ಲಿ ನಾಲ್ಕು ಹೆಸರು. ದಾರಿಯಲ್ಲಿ ದುಬೈ ನೋಡಿ ಹೋಗುವ ಯೋಚನೆ ಇದ್ದರೆ ಇದೂ ತಿಳಿದಿರಲಿ: 2022ರ ನವೆಂಬರ್‌ನಿಂದ ಯುಎಇ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುತ್ತಿಲ್ಲ.

ಮೊದಲು ಆಧಾರ್‌ನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಪೂರ್ತಿಯಾಗಿ, ಇನಿಷಿಯಲ್ ಇಲ್ಲದಂತೆ ಮಾಡಿಸಿ. ಆಮೇಲೆ ಅಡ್ಡಹೆಸರು ‘ಸರ್‌ನೇಮ್’ ಸಾಲಿಗೆ ಬರುವಂತೆ ಪಾಸ್‌ಪೋರ್ಟ್ ‘ರೀ-ಇಶ್ಯೂ’ಗೆ ಅರ್ಜಿ ಹಾಕಿ. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ವಿಜಯಪುರದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರದಲ್ಲಿ ತಾರೀಖು ಸಿಗದಿದ್ದರೆ ಹುಬ್ಬಳ್ಳಿ ನೋಡಿ. ಹೊಸ ಪುಸ್ತಕಕ್ಕೆ ಹೊಸ ನಂಬರ್ ಬರುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಹಳೆಯ ನಂಬರಿನ ಮೇಲೆ ಪ್ರವೇಶಪತ್ರ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿಗೆಂದು ಮೊದಲೇ ಹಣ ಇಟ್ಟು, ತಿಂಗಳಿಗಿಷ್ಟೆಂದು ತೆಗೆಯುವ ಖಾತೆ) ಆಗಿಬಿಟ್ಟರೆ ಪ್ರತಿಯೊಂದನ್ನೂ ಮತ್ತೆ ತಿದ್ದಿಸಬೇಕು. ಅದಕ್ಕೇ ಎಪಿಎಸ್ ಪ್ರಮಾಣಪತ್ರದ ಅರ್ಜಿಯನ್ನೂ (ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ, ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರ್‌ನಿಂದ ಇದು ಬೇಕೇ ಬೇಕು) ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ಹಾಕಿ. ರದ್ದಾದ ಹಳೆಯದನ್ನು ಎಸೆಯಬೇಡಿ.

ಅಂಕಪಟ್ಟಿ ತಿದ್ದಿಸಲು ಓಡಾಡಿ ತಿಂಗಳುಗಟ್ಟಲೆ ಕಳೆಯುವುದು ಬೇಡ. ಈ ಮೂರೂ ಬಗೆಯ ಹೆಸರು ಒಬ್ಬಳದೇ ಎಂದು ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ, ಅಂಕಪಟ್ಟಿಗಳ ಜೊತೆ ಇಡಿ.

ಪ್ರಶ್ನೆ: ನಾಲ್ಕು ಎಕರೆ ಕಬ್ಬಿನ ಹೊಲ ಇದೆ. ಉತಾರ (ಪಹಣಿ) ಕೊಟ್ಟರೆ ಮಗನ ಓದಿಗೆ ಬ್ಯಾಂಕ್ ಸಾಲ ಸಿಗುತ್ತದೆಯೆ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಹೊಲದ ಮೇಲೆ ಶಿಕ್ಷಣ ಸಾಲ ಸಿಗುವುದು ಕಷ್ಟ. ಸಾಲ ತೀರದಿದ್ದಾಗ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಅವರು ಹಿಂಜರಿಯುತ್ತಾರೆ. ಊರಲ್ಲಿ ಮನೆ, ಎನ್.ಎ. (ಕೃಷಿಯೇತರ) ಆದ ಪ್ಲಾಟ್, ಬ್ಯಾಂಕ್ ಠೇವಣಿ ಇದ್ದರೆ ಅದನ್ನು ತೋರಿಸಿ. ಜರ್ಮನಿಗಾದರೆ ವರ್ಷಕ್ಕೆ 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ ಇರಬೇಕು, ಅಂದರೆ ತಿಂಗಳಿಗೆ 992. ವೀಸಾಕ್ಕೆ ಮೊದಲೇ ಈ ಹಣ ಬೇಕು. ಆದ್ದರಿಂದ ‘ವೀಸಾ ಮುಂಚೆ ಹಣ ಬಿಡುತ್ತೀರಾ?’ ಎಂದು ಸಾಲದ ಅರ್ಜಿ ಕೊಡುವ ದಿನವೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಹಿಡಿಯುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷ ದಾಟಿದ ಭಾಗಕ್ಕೆ ಹಿಡಿಯುತ್ತಾರೆ.

ಪ್ರಶ್ನೆ: ಸಾಂಬ್ರಾ ವಿಮಾನ ನಿಲ್ದಾಣದಿಂದ ಮುಂಬೈ, ಅಲ್ಲಿಂದ ಫ್ರಾಂಕ್‌ಫರ್ಟ್. ಕುಂದಾ, ಚಟ್ನಿಪುಡಿ ಒಯ್ಯಬಹುದೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಕುಂದಾ ಬೇಡ. ಅದು ಹಾಲಿನದು, ಹೊರಗಿನಿಂದ ಬರುವ ಪ್ರಯಾಣಿಕರ ಚೀಲದಲ್ಲಿ ಹಾಲಿನ, ಮಾಂಸದ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟ ಬಿಡುವುದಿಲ್ಲ. ಹಸಿ ಕರಿಬೇವೂ ಬೇಡ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಕಡಕ್ ರೊಟ್ಟಿ ಒಯ್ಯಿರಿ. ಚಟ್ನಿಪುಡಿಯನ್ನು ಎರಡು ಚೀಲದಲ್ಲಿ ಬಿಗಿಯಾಗಿ ಕಟ್ಟಿ.

ಹೊರಡುವ ದಿನ ಉಡಿ ತುಂಬಿದರೆ ಅದರಲ್ಲಿನ ಒಣ ಕೊಬ್ಬರಿ ಬಟ್ಟಲನ್ನು ಮನೆಯಲ್ಲೇ ಬಿಡಿ. ಎಣ್ಣೆಯಂಶದಿಂದ ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಅದಕ್ಕೇ ಅಪಾಯಕಾರಿ ಸರಕೆಂದು ಸ್ಕ್ಯಾನರ್‌ನಲ್ಲಿ ಕಂಡರೆ ಸೂಟ್‌ಕೇಸ್ ತೆರೆಸುತ್ತಾರೆ. ತಾಯಂದಿರಿಗೆ ಇದು ನೋವಿನ ಮಾತೆಂದು ಬಲ್ಲೆವು. ಅಕ್ಕಿಕಾಳು, ಅರಿಷಿಣ ಕೊಂಬು ಮುಡಿಪು ಕಟ್ಟಿ ದೇವರ ಮುಂದಿಟ್ಟರೂ ನಡೆಯುತ್ತದೆ.

ಇನ್ನೊಂದು, ಎರಡೂ ವಿಮಾನಗಳನ್ನು ಒಂದೇ ಪಿಎನ್‌ಆರ್‌ನಲ್ಲಿ ತೆಗೆಸಿ. ಬೇರೆ ಬೇರೆ ಟಿಕೆಟ್ ಆದರೆ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಮಾತ್ರ, ಮುಂದಿನದಕ್ಕೆಂದು ತುಂಬಿದ 23 ಕಿಲೋ ಸೂಟ್‌ಕೇಸಿಗೆ ಸಾಂಬ್ರಾದಲ್ಲೇ ಹೆಚ್ಚುವರಿ ಹಣ ಕಟ್ಟಬೇಕಾಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಹಣಕ್ಕೂ ಯಾರೂ ಹೊಣೆಯಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೇ ಇದೆ.

ಪ್ರಶ್ನೆ: ಮೂಲ ಅಂಕಪಟ್ಟಿಗಳನ್ನು ಲ್ಯಾಮಿನೇಷನ್ ಮಾಡಿಸಲೇ?
– ಓದುಗರೊಬ್ಬರು, ಇಳಕಲ್ಲ

ಉತ್ತರ: ಮಾಡಿಸಬೇಡಿ. ದೃಢೀಕರಣದ ಮುದ್ರೆ, ಅಪೊಸ್ಟಿಲ್ ಚೀಟಿ (ದಾಖಲೆ ಹೊರದೇಶದಲ್ಲಿ ನಡೆಯಲೆಂದು ಸರ್ಕಾರ ಅಂಟಿಸುವ ದೃಢೀಕರಣ) ಕಾಗದದ ಮೇಲೇ ಬೀಳಬೇಕು. ಪ್ಲಾಸ್ಟಿಕ್ ತೊಟ್ಟೆಯ ಫೈಲಿನಲ್ಲಿ ಬಿಡಿಯಾಗಿ ಇಟ್ಟು, ಕೈಚೀಲದಲ್ಲೇ ಒಯ್ಯಿರಿ.